ನಮ್ಮ ದಾರಿಯಲ್ಲಿ ಎಷ್ಟು ಕೊಡುತ್ತದೆ?



ಮನೆಯ ಮುಂದೆ ಹೊಸ ಕಾರು ಬಂದು ನಿಂತಿತೆಂದರೆ ಮೊದಲು ಚಕ್ರದಡಿ ನಿಂಬೆಹಣ್ಣು, ಆಮೇಲೆ ಪಕ್ಕದ ಮನೆಯವರಿಂದ ಒಂದು ಪ್ರಶ್ನೆ: ‘ಎಷ್ಟು ಕೊಡುತ್ತೆ?’ ಈ ‘ಕೊಡುತ್ತೆ’ ಅನ್ನುವ ಮಾತನ್ನು ಗಮನಿಸಿ. ಹಸುವಿನ ವಿಷಯದಲ್ಲಿ ಕೇಳುವ ಮಾತೇ ಅದು. ಹಸು ಸಾಕಿದವರಿಗೆ ಇನ್ನೂ ಒಂದು ವಿಷಯ ಗೊತ್ತು. ಸಂತೆಯಲ್ಲಿ ಮಾರುವವನು ಹೇಳಿದ ಹಾಲು ಒಂದು ಲೆಕ್ಕ, ನಮ್ಮ ಕೊಟ್ಟಿಗೆಯಲ್ಲಿ ಕರೆದ ಹಾಲು ಇನ್ನೊಂದು ಲೆಕ್ಕ. ಅವನು ಸುಳ್ಳು ಹೇಳಿರಬೇಕು ಅಂತೇನೂ ಇಲ್ಲ. ಅಲ್ಲಿನ ಮೇವು ಬೇರೆ, ಇಲ್ಲಿನ ಮೇವು ಬೇರೆ. ಕಾರಿನ ಮೈಲೇಜೂ ಹೀಗೆಯೇ.

ನಮ್ಮದು ಐದು ಜನರ ಸಂಸಾರ. ನಾಲ್ಕು ವರ್ಷದ ಹಿಂದೆ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನಿನ, ಗೇರು ಬದಲಾಯಿಸಿ ಓಡಿಸುವ ಒಂದು ಎಸ್‌ಯುವಿ ಕೊಂಡೆವು. ಅಮ್ಮನಿಗೆ ಮಂಡಿನೋವು; ತಗ್ಗಿನ ಕಾರಿನಲ್ಲಿ ಕೂತರೆ ಏಳುವುದು ಕಷ್ಟ. ಎತ್ತರದ ಗಾಡಿ ಬೇಕೆಂದದ್ದು ಆ ಕಾರಣಕ್ಕೆ. ಮಾರುವವರು ಕೊಟ್ಟ ಹಾಳೆಯಲ್ಲಿ ಲೀಟರಿಗೆ ಹದಿನೇಳು ಕಿಲೋಮೀಟರಿನ ಆಸುಪಾಸು ಎಂದಿತ್ತು. ಮೊದಲ ದಿನದಿಂದಲೇ ನಮ್ಮ ಮನೆಯವರು ಒಂದು ನೋಟ್‌ಬುಕ್ ಇಟ್ಟರು. ಬಂಕಿಗೆ ಹೋದಾಗಲೆಲ್ಲ ದಿನಾಂಕ, ಮೀಟರಿನ ಅಂಕಿ, ಹಾಕಿಸಿದ ಲೀಟರು, ಕೊಟ್ಟ ಹಣ ಬರೆಯುವುದು. ಈಗ ಆ ಕೆಲಸ ಮಗಳದು. ನಾನು ಇವತ್ತು ಹೇಳುವ ಹೆಚ್ಚಿನ ಮಾತು ಆ ಪುಸ್ತಕದ್ದು.

ಪುಸ್ತಕದಲ್ಲಿ ಒಂದೇ ಕಾರಿಗೆ ಐದಾರು ಥರದ ಅಂಕಿಗಳಿವೆ. ಆಫೀಸಿನ ವಾರದಲ್ಲಿ ಹತ್ತರಿಂದ ಹನ್ನೊಂದು. ಭಾನುವಾರ ಬೆಳಗಿನ ಜಾವ ಅದೇ ರಸ್ತೆಯಲ್ಲಿ ಹದಿನೈದು. ಊರಿಗೆ ಹೋಗುವಾಗ ಸುಮಾರು ಹದಿನೆಂಟು, ಊರಿಂದ ಬರುವಾಗ ಹದಿನೈದೂವರೆ. ನಾಲ್ಕು ವರ್ಷದ ಒಟ್ಟು ಸರಾಸರಿ ಹದಿಮೂರು. ಹಾಗಾದರೆ ಹಾಳೆಯ ಹದಿನೇಳು ಎಲ್ಲಿಂದ ಬಂತು?

ಅದು ಬಂದದ್ದು ಪ್ರಯೋಗಾಲಯದಿಂದ. ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಹೆಸರಾದ ಸಂಸ್ಥೆ ಪುಣೆಯಲ್ಲಿದೆ: ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ. 1966ರಲ್ಲಿ ಹುಟ್ಟಿದ ಸಂಸ್ಥೆ. ಜಾಹೀರಾತಿನಲ್ಲಿ ಎ.ಆರ್.ಎ.ಐ. ಮೈಲೇಜು ಎಂದು ಓದುತ್ತೀರಲ್ಲ, ಆ ಅಕ್ಷರಗಳು ಇದರವು. ಅಲ್ಲಿ ಕಾರು ರಸ್ತೆಗೆ ಇಳಿಯುವುದೇ ಇಲ್ಲ. ನೆಲದಲ್ಲಿ ಹೂತ ರೋಲರ್‌ಗಳ ಮೇಲೆ ಚಕ್ರ ಇಟ್ಟು, ಕಾರು ನಿಂತ ಜಾಗದಲ್ಲೇ ಚಕ್ರ ಮಾತ್ರ ಓಡುತ್ತದೆ. ಯಾವ ಸೆಕೆಂಡಿಗೆ ಎಷ್ಟು ವೇಗ, ಯಾವಾಗ ಗೇರು, ಯಾವಾಗ ನಿಲ್ಲಬೇಕು ಎಲ್ಲ ಮೊದಲೇ ನಿಗದಿ. ಒಟ್ಟು 1180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೆ ಇಪ್ಪತ್ತು ಸೆಕೆಂಡು ಕಡಿಮೆ. ಅದರಲ್ಲಿ 195 ಸೆಕೆಂಡಿನ ಊರೊಳಗಿನ ಓಟ ನಾಲ್ಕು ಸಲ. ಅಲ್ಲಿ ವೇಗ 50 ದಾಟುವುದಿಲ್ಲ. ಕೊನೆಗೆ 400 ಸೆಕೆಂಡು ಹೊರವಲಯದ ಓಟ. ಅಲ್ಲಿ 90ಕ್ಕೆ ತಡೆ. ಈ ಕ್ರಮದ ಮೂಲ ಯುರೋಪಿನದು. ಅವರು 120ರ ತನಕ ಓಡಿಸುತ್ತಿದ್ದರು. ನಮ್ಮ ರಸ್ತೆಗಳಿಗೆಂದು ಇಲ್ಲಿ 90ಕ್ಕೆ ಇಳಿಸಿದರು. ಯುರೋಪಿನವರು 2017ರಿಂದ ಆ ಹಳೆಯ ಕ್ರಮವನ್ನು ಬಿಟ್ಟು ಇನ್ನೂ ಕಠಿಣವಾದದ್ದಕ್ಕೆ ಹೋದರು.

ಇನ್ನೊಂದು ಕುತೂಹಲದ ಸಂಗತಿ. ಖರ್ಚಾದ ಪೆಟ್ರೋಲನ್ನು ಅಲ್ಲಿ ಟ್ಯಾಂಕಿನಿಂದ ಅಳೆಯುವುದಿಲ್ಲ. ಹೊಗೆಯನ್ನು ಹಿಡಿದಿಟ್ಟು ಅದರಲ್ಲಿರುವ ಇಂಗಾಲವನ್ನು ಲೆಕ್ಕ ಹಾಕುತ್ತಾರೆ. ಒಳಗೆ ಹೋದ ಇಂಗಾಲ ಹೊರಗೆ ಬರಲೇಬೇಕಲ್ಲ. ಬಹಳ ನಿಖರವಾದ ವಿಧಾನ. ಅಂಕಿ ಸುಳ್ಳಲ್ಲ, ಆದರೆ ಆ ಓಟದಲ್ಲಿ ಏ.ಸಿ. ಹಾಕಿರುವುದಿಲ್ಲ, ಹಂಪ್ ಇಲ್ಲ, ಏರು ಇಲ್ಲ, ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಇಬ್ಬರು ಮಕ್ಕಳು ಇಲ್ಲ, ಡಿಕ್ಕಿಯಲ್ಲಿ ತೆಂಗಿನಕಾಯಿಯ ಮೂಟೆ ಇಲ್ಲ. ಎರಡು ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ ನೋಡಲು ಅದು ಒಳ್ಳೆಯ ಅಂಕಿ. ಹ್ಯುಂಡೈ ಕ್ರೆಟಾದ 2024ರ ಮಾದರಿಯಲ್ಲಿ ಗೇರಿನ ಪೆಟ್ರೋಲ್ ಗಾಡಿಗೆ 17.4, ಗೇರಿನ ಡೀಸೆಲ್ ಗಾಡಿಗೆ 21.8 ಎಂದು ಕೊಟ್ಟಿದ್ದಾರೆ. ಡೀಸೆಲ್ ಗಾಡಿ ಹೆಚ್ಚು ಓಡುತ್ತದೆ ಎಂಬುದಕ್ಕೆ ಅದನ್ನು ನಂಬಬಹುದು. ತಿಂಗಳ ಖರ್ಚಿನ ಲೆಕ್ಕಕ್ಕೆ ಮಾತ್ರ ಹಾಗೆಯೇ ಇಟ್ಟುಕೊಳ್ಳಬೇಡಿ.

ಈಗ ನಮ್ಮ ಬೆಂಗಳೂರಿನ ವಾರದ ದಿನಕ್ಕೆ ಬರೋಣ. ಮನೆಯಿಂದ ಆಫೀಸಿಗೆ 11 ಕಿಲೋಮೀಟರು. ಐವತ್ತು ನಿಮಿಷ ಬೇಕು. ಒಮ್ಮೆ ಮಗಳು ಪಕ್ಕದಲ್ಲಿ ಕೂತು ಮೊಬೈಲಿನ ಗಡಿಯಾರದಲ್ಲಿ ನಿಂತ ಹೊತ್ತನ್ನೆಲ್ಲ ಕೂಡಿಸಿದಳು. ‘ಅಪ್ಪ, ಇಪ್ಪತ್ತು ನಿಮಿಷ ನಾವು ಸುಮ್ಮನೆ ನಿಂತಿದ್ವಿ’ ಅಂದಳು. ಈ ಗಾತ್ರದ ಎಂಜಿನ್ ಏ.ಸಿ. ಹಾಕಿಕೊಂಡು ನಿಂತಲ್ಲೇ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರು ಕುಡಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ಕಾಲು ಲೀಟರು. ಒಂದು ಅಡಿಯೂ ಮುಂದೆ ಹೋಗದೆ ಕಾಲು ಲೀಟರು! ನಿಂತದ್ದಕ್ಕಿಂತ ಮತ್ತೆ ಮತ್ತೆ ಹೊರಡುವುದು ಇನ್ನೂ ದುಬಾರಿ. ಜನ ಸೇರಿ ಒಂದೂವರೆ ಟನ್ ತೂಗುವ ಗಾಡಿಯನ್ನು ಸೊನ್ನೆಯಿಂದ 50ಕ್ಕೆ ಒಯ್ಯಲು ಇಪ್ಪತ್ತು–ಇಪ್ಪತ್ತೈದು ಮಿಲಿಲೀಟರು ಪೆಟ್ರೋಲು ಬೇಕು. ಮುಂದಿನ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದರೆ ಅಷ್ಟೂ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಯಿತು. ಹತ್ತು ಸಿಗ್ನಲ್ಲಿಗೆ ಇನ್ನೊಂದು ಕಾಲು ಲೀಟರು. ಹನ್ನೊಂದು ಕಿಲೋಮೀಟರಿಗೆ ಒಂದು ಲೀಟರು ಆಗುವುದು ಹೀಗೆ. ಊರೊಳಗೆ ಪೆಟ್ರೋಲು ಖರ್ಚಾಗುವುದು ದೂರಕ್ಕಿಂತ ಹೆಚ್ಚಾಗಿ ಹೊತ್ತಿಗೆ. ನಾನು ಬೆಳಿಗ್ಗೆ ಮುಕ್ಕಾಲು ಗಂಟೆ ಮುಂಚೆ ಹೊರಡಲು ಶುರುಮಾಡಿದ ತಿಂಗಳಿಂದ ಪುಸ್ತಕದ ಅಂಕಿ ಹತ್ತೂವರೆಯಿಂದ ಹನ್ನೆರಡಕ್ಕೆ ಏರಿದೆ. ಕಾರು ಅದೇ, ರಸ್ತೆ ಅದೇ.

ದೂರದಿಂದಲೇ ಕೆಂಪು ದೀಪ ಕಂಡರೆ ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆಯಿರಿ. ಅಲ್ಲಿಯವರೆಗೆ ಧಾವಿಸಿ ಹೋಗಿ ಬ್ರೇಕ್ ಒತ್ತುವವನೂ ಅದೇ ದೀಪದಡಿ ನಿಲ್ಲುತ್ತಾನೆ.

ನನಗೆ ಹೆಚ್ಚು ಕಲಿಸಿದ್ದು ಊರಿನ ದಾರಿ. ನಮ್ಮೂರು ಉಪ್ಪಿನಂಗಡಿಯ ಹತ್ತಿರ. ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಟ್ಟ ಇಳಿದರೆ ಊರು. ಸುಮಾರು 300 ಕಿಲೋಮೀಟರು. ಬೆಂಗಳೂರಿನಲ್ಲಿ ಟ್ಯಾಂಕ್ ತುಂಬಿಸಿ, ಊರಿನ ಬಂಕಿನಲ್ಲಿ ಮತ್ತೆ ತುಂಬಿಸುತ್ತೇವೆ. ಪ್ರತಿ ಸಲವೂ ಹೋಗುವಾಗಿನ ಅಂಕಿ ಮೇಲೆ, ಬರುವಾಗಿನದು ಕೆಳಗೆ. ಮೊದಮೊದಲು ಊರಿನ ಪೆಟ್ರೋಲೇ ಸರಿಯಿಲ್ಲವೇನೋ ಅನ್ನಿಸಿತ್ತು. ಆ ಅನುಮಾನ ಅನ್ಯಾಯದ್ದು ಎಂದು ತಿಳಿದದ್ದು ಲೆಕ್ಕ ಹಾಕಿದ ಮೇಲೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಉಪ್ಪಿನಂಗಡಿ ನದಿ ಸಂಗಮದ ತಗ್ಗು. ಜನ, ಸಾಮಾನು ಸೇರಿ 1650 ಕಿಲೋ ತೂಕವನ್ನು 850 ಮೀಟರು ಮೇಲಕ್ಕೆ ಎತ್ತುವುದಕ್ಕೇ ಒಂದೂವರೆ ಲೀಟರು ಪೆಟ್ರೋಲು ಬೇಕು. ಇದು ಗಾಳಿಯ ತಡೆ, ರಸ್ತೆಯ ಘರ್ಷಣೆ ಎಲ್ಲದರ ಮೇಲಿನ ಹೆಚ್ಚುವರಿ ಖರ್ಚು. ಅಮ್ಮ ಕಟ್ಟಿಕೊಟ್ಟ ಹಲಸಿನಕಾಯಿ, ತೆಂಗಿನಕಾಯಿಗಳೂ ಆ ಲೆಕ್ಕದಲ್ಲಿ ಸೇರಿವೆ. ಇಳಿಯುವಾಗ ಸುಮಾರು ಒಂದು ಲೀಟರು ಉಳಿಯುತ್ತದೆ. ಎರಡೂ ಕೂಡಿದರೆ ಪುಸ್ತಕದಲ್ಲಿರುವ ಎರಡೂವರೆ ಲೀಟರಿನ ಅಂತರಕ್ಕೆ ಲೆಕ್ಕ ಸಿಕ್ಕಿತು.

ಘಟ್ಟ ಇಳಿಯುವ ವಿಷಯದಲ್ಲಿ ಒಂದು ಮಾತನ್ನು ದಯವಿಟ್ಟು ಮನಸ್ಸಿಟ್ಟು ಕೇಳಿ. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿದರೆ ಪೆಟ್ರೋಲು ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಕಾರ್ಬುರೇಟರಿನ ಕಾಲದ ನಂಬಿಕೆ ಅದು. ಇವತ್ತಿನ ಎಂಜಿನ್ನಿನಲ್ಲಿ ಗೇರು ಬಿದ್ದಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಎಂಜಿನ್ನಿನ ಸುತ್ತು ತೀರ ಇಳಿಯುವ ತನಕ ಪೆಟ್ರೋಲಿನ ಹನಿ ಪೂರ್ತಿ ನಿಂತುಬಿಡುತ್ತದೆ. ಎಂಜಿನ್ನನ್ನು ಆಗ ತಿರುಗಿಸುತ್ತಿರುವುದು ಚಕ್ರಗಳು. ನ್ಯೂಟ್ರಲ್ಲಿಗೆ ಹಾಕಿದಿರೋ, ಎಂಜಿನ್ ಆರದಂತೆ ಮತ್ತೆ ಪೆಟ್ರೋಲು ಹರಿಯಬೇಕು. ಉಳಿಸಲು ಹೋಗಿ ಖರ್ಚು ಮಾಡಿದ ಹಾಗೆ. ಅದಕ್ಕಿಂತ ದೊಡ್ಡ ವಿಷಯ, ಗೇರಿನ ಹಿಡಿತ ತಪ್ಪಿದ ಮೇಲೆ ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಶಿರಾಡಿಯಲ್ಲಿ, ಚಾರ್ಮಾಡಿಯಲ್ಲಿ, ಆಗುಂಬೆಯಲ್ಲಿ ಬ್ರೇಕ್ ಕಾದು ಹಿಡಿಯದೆ ಹೋದರೆ ಮುಂದೆ ಇರುವುದು ಪ್ರಪಾತ. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ ಎಂದು ನಮ್ಮ ಲಾರಿ ಚಾಲಕರು ಹೇಳುವ ಮಾತಿನಲ್ಲಿ ಜೀವವೂ ಉಳಿಯುತ್ತದೆ, ಇಂಧನವೂ ಉಳಿಯುತ್ತದೆ.

ಆ ಘಟ್ಟದ ದಾರಿಯಲ್ಲಿ ನನಗೆ ಯಾವಾಗಲೂ ನೆನಪಾಗುವ ಇನ್ನೊಂದು ಸಂಗತಿಯಿದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ 362 ಕಿಲೋಮೀಟರಿನ ಕೊಳವೆ ಮಾರ್ಗವಿದೆ. ಮಂಗಳೂರಿನ ಸಂಸ್ಕರಣಾಗಾರದಲ್ಲಿ ತಯಾರಾದ ಪೆಟ್ರೋಲು, ಡೀಸೆಲ್ ಅದರಲ್ಲಿ ಘಟ್ಟ ಹತ್ತಿ ಬರುತ್ತದೆ. ಘಟ್ಟದ ಬುಡದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ, ಅದನ್ನು ಮೇಲಕ್ಕೆ ತಳ್ಳುವ ಪಂಪ್ ಕೇಂದ್ರವಿದೆ. ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುವುದು. ಹಡಗಿನಲ್ಲಿ ಸಮುದ್ರ ದಾಟಿ, ಮಂಗಳೂರಿನಲ್ಲಿ ಕಾದು, ಕೊಳವೆಯಲ್ಲಿ ಘಟ್ಟ ಏರಿ ಬಂದ ಇಂಧನವನ್ನು ನಾವು ಸಿಗ್ನಲ್ಲಿನಲ್ಲಿ ನಿಂತಲ್ಲೇ ಸುಡುತ್ತೇವಲ್ಲ ಎಂದು ನೋವಾಗುತ್ತದೆ.

ಇನ್ನು ವೇಗ. ಎತ್ತರದ ಗಾಡಿಗೆ ಗಾಳಿ ದೊಡ್ಡ ಶತ್ರು. ಗಾಳಿಗೆ ಎದೆಯೊಡ್ಡುವ ಅಗಲ ಅದಕ್ಕೆ ಜಾಸ್ತಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಎಂಬತ್ತರಿಂದ ನೂರಕ್ಕೆ ಹೋದರೆ ತಡೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಇದನ್ನು ನಾವು ಬೇಕೆಂದೇ ಪರೀಕ್ಷಿಸಿದೆವು. ಕಾರಿಗೆ 100ರ ಮಿತಿ ಇರುವ ರಸ್ತೆ ಅದು. ಒಂದು ಭಾನುವಾರ ಹೋಗಿಬರುವ ಎರಡೂ ದಾರಿ 80ರಲ್ಲಿ. ಇನ್ನೊಂದು ಭಾನುವಾರ 100ರಲ್ಲಿ. ಮೈಸೂರು ಬೆಂಗಳೂರಿಗಿಂತ ತಗ್ಗಿನಲ್ಲಿರುವುದರಿಂದ ಒಂದೇ ದಿಕ್ಕಿನ ಲೆಕ್ಕ ಮೋಸ ಮಾಡುತ್ತದೆ, ಎರಡೂ ದಿಕ್ಕು ಬೇಕು. ಎಂಬತ್ತರಲ್ಲಿ ಲೀಟರಿಗೆ 19.6 ಬಂತು, ನೂರರಲ್ಲಿ 16.3. ಉಳಿದ ಸಮಯ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ. ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಎಂಬತ್ತರ ಆ ಓಟವೇ ಎಂದು ಮಗಳು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ಛಾವಣಿಯ ಮೇಲಿನ ಕ್ಯಾರಿಯರನ್ನು ಪ್ರವಾಸ ಮುಗಿದ ಮೇಲೆ ಬಿಚ್ಚಿಡಿ. ಖಾಲಿಯಿದ್ದರೂ ಅದು ಗಾಳಿಯನ್ನು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಅಂಚಿನ ಚೀಟಿಯಲ್ಲಿ ಇರುತ್ತದೆ. ಪೂರ್ತಿ ಜನ, ಸಾಮಾನು ಹೊತ್ತಾಗ ಎಷ್ಟು ಹಾಕಿಸಬೇಕೆಂಬುದೂ ಅಲ್ಲೇ ಇರುತ್ತದೆ.

ಎಥೆನಾಲಿನ ಬಗ್ಗೆ ಬಹಳ ಜನ ಕೇಳುತ್ತಾರೆ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಎಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದರಷ್ಟು ಶಕ್ತಿ ಕಡಿಮೆ. ಹಾಗಾಗಿ ಬೆರೆಸಿದ ಮೇಲೆ ಮೈಲೇಜು ಸ್ವಲ್ಪ ಇಳಿಯುವುದು ಸಹಜ. 2021ರಲ್ಲಿ ನೀತಿ ಆಯೋಗ ಹೊರತಂದ ಮಾರ್ಗಸೂಚಿಯೇ ಇದನ್ನು ಒಪ್ಪಿಕೊಂಡಿದೆ: ಬೆರಕೆಯಿಲ್ಲದ ಪೆಟ್ರೋಲಿಗೆಂದು ರೂಪಿಸಿ ಹತ್ತು ಪಾಲಿನ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ನೂರಕ್ಕೆ ಆರರಿಂದ ಏಳು, ಹತ್ತು ಪಾಲಿಗೆ ರೂಪಿಸಿ ಇಪ್ಪತ್ತಕ್ಕೆ ಹೊಂದಿಸಿದವುಗಳಲ್ಲಿ ಒಂದರಿಂದ ಎರಡು ಇಳಿಕೆ. ಹಳೆಯ ಕಾರಿನವರ ದೂರಿನಲ್ಲಿ ಹುರುಳಿದೆ. ಕಬ್ಬು ಬೆಳೆಯುವ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರೈತರಿಗೆ ಇದರಿಂದ ಒಂದು ಮಾರುಕಟ್ಟೆ ಸಿಕ್ಕಿರುವುದೂ ನಿಜ. ಆದರೂ ಲೀಟರಿನಲ್ಲಿ ಶಕ್ತಿ ಕಡಿಮೆಯಾದಾಗ ಲೀಟರಿನ ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ, ಕಾರು ಕೊಳ್ಳಬೇಕೆಂದಿರುವವರಿಗೆ ಒಂದು ಲೆಕ್ಕ. ವರ್ಷಕ್ಕೆ 12,000 ಕಿಲೋಮೀಟರು ಓಡುವ ಮನೆ ಎಂದುಕೊಳ್ಳಿ. ಲೀಟರಿಗೆ ಹತ್ತು ಕೊಡುವ ಗಾಡಿ 1,200 ಲೀಟರು ಕುಡಿಯುತ್ತದೆ, ಹನ್ನೆರಡು ಕೊಡುವುದು 1,000 ಲೀಟರು. ವ್ಯತ್ಯಾಸ 200 ಲೀಟರು. ಇನ್ನು ಹದಿನೆಂಟು ಕೊಡುವುದನ್ನೂ ಇಪ್ಪತ್ತು ಕೊಡುವುದನ್ನೂ ಹೋಲಿಸಿ. ಅಲ್ಲೂ ಎರಡೇ ಕಿಲೋಮೀಟರಿನ ಅಂತರ. ಆದರೆ ಉಳಿಯುವುದು 67 ಲೀಟರು ಮಾತ್ರ. ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಕೇಳುವ ನಮ್ಮ ಅಭ್ಯಾಸ ಈ ಅಂತರವನ್ನು ಮುಚ್ಚಿಡುತ್ತದೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಕೇಳಿ ನೋಡಿ, ಲೆಕ್ಕ ತಾನಾಗಿ ತಿಳಿಯಾಗುತ್ತದೆ. ಕಡಿಮೆ ಕೊಡುವ ಗಾಡಿಯಲ್ಲಿ ಮಾಡಿದ ಸಣ್ಣ ಸುಧಾರಣೆಯೇ ಹೆಚ್ಚು ಹಣ ಉಳಿಸುವುದು. ಊರೊಳಗಿನ ಹತ್ತನ್ನು ಹನ್ನೆರಡು ಮಾಡುವುದು ಹೆದ್ದಾರಿಯ ಹದಿನೆಂಟನ್ನು ಇಪ್ಪತ್ತು ಮಾಡುವುದಕ್ಕಿಂತ ಮೂರು ಪಟ್ಟು ಲಾಭ.

ಆದ್ದರಿಂದ ಕೊಳ್ಳುವ ಮೊದಲು ನಿಮ್ಮ ದಾರಿ ಯಾವುದು ಎಂದು ನೋಡಿಕೊಳ್ಳಿ. ದಿನವೂ ಊರೊಳಗಿನ ದಟ್ಟಣೆಯಲ್ಲಿ ಓಡಿಸುವವರಿಗೆ ಹೈಬ್ರಿಡ್ ಗಾಡಿ ನಿಜಕ್ಕೂ ಉಪಕಾರಿ. ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತಿದ್ದ ಶಕ್ತಿಯನ್ನು ಅದು ಬ್ಯಾಟರಿಗೆ ತುಂಬಿಕೊಂಡು ಮತ್ತೆ ಹೊರಡಲು ಬಳಸುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿರುತ್ತದೆ. ಬಿಡದಿಯಲ್ಲಿ ತಯಾರಾಗುವ ಟೊಯೋಟ ಹೈರೈಡರಿನ ಹೈಬ್ರಿಡ್ ಮಾದರಿಗೆ ಪರೀಕ್ಷೆಯ ಅಂಕಿ 27.97. ರಸ್ತೆಯಲ್ಲಿ ಅಷ್ಟು ಬರದಿದ್ದರೂ ಊರೊಳಗೆ ಮಾಮೂಲಿ ಪೆಟ್ರೋಲ್ ಗಾಡಿ ಅದನ್ನು ಹಿಡಿಯಲಾರದು. ತಿಂಗಳಿಗೆ ನಾಲ್ಕು ಸಲ ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಿಬರುವವರಿಗೆ ಡೀಸೆಲ್ ಒಳ್ಳೆಯದು. ಮಗುವನ್ನು ಶಾಲೆಗೆ ಬಿಟ್ಟು ಬರುವುದಕ್ಕೆ ಮಾತ್ರ ಡೀಸೆಲ್ ಗಾಡಿ ಕೊಳ್ಳಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ನಿಯಮದ ನಂತರ ಈ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಆ ಮಸಿ ಸುಟ್ಟುಹೋಗಲು ಆಗಾಗ ಹೆದ್ದಾರಿಯ ಒಂದೇ ಸಮನೆಯ ಓಟ ಬೇಕು. ಅದು ಸಿಗದಿದ್ದರೆ ಜರಡಿ ಕಟ್ಟಿಕೊಂಡು ರಿಪೇರಿಯ ಖರ್ಚು ಬರುತ್ತದೆ.

ಅಳೆಯುವುದು ಹೇಗೆ ಎಂದು ಹೇಳಿ ಮುಗಿಸುತ್ತೇನೆ. ಕಾರಿನ ಪರದೆ ತೋರಿಸುವ ಸರಾಸರಿಯನ್ನೇ ನಂಬಬೇಡಿ. ನಮ್ಮ ಗಾಡಿಯಲ್ಲಿ ಅದು ಬಂಕಿನ ಲೆಕ್ಕಕ್ಕಿಂತ ಒಂದು ಕಿಲೋಮೀಟರಿನಷ್ಟು ಹೆಚ್ಚು ಹೇಳುತ್ತದೆ. ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವ ತನಕ ತುಂಬಿಸಿ. ಅದರ ಮೇಲೆ ರೌಂಡ್ ಫಿಗರಿಗೆಂದು ತುರುಕಿಸಬೇಡಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಅಂಕಿ ಹೆಚ್ಚುಕಡಿಮೆ ಆಗಬಹುದು. ನಾಲ್ಕೈದು ಸಲ ಆದರೆ ಗಟ್ಟಿಯಾಗುತ್ತದೆ. ಪಂಪಿನ ಅಳತೆಯ ಮೇಲೇ ಸಂಶಯ ಬಂದರೆ ಕೇಳಲು ಹಿಂಜರಿಯಬೇಡಿ. ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ ಐದು ಲೀಟರಿನ ಅಳತೆಪಾತ್ರೆ ಇರುತ್ತದೆ. ನಿಮ್ಮ ಕಣ್ಣೆದುರು ಅದಕ್ಕೆ ಹಿಡಿದು ತೋರಿಸಿ ಎನ್ನುವುದು ನಿಮ್ಮ ಹಕ್ಕು.

ಈ ವಾರ ಟ್ಯಾಂಕ್ ತುಂಬಿಸುವಾಗ ‘ಝೀರೋ ನೋಡಿ ಸಾರ್’ ಎಂದು ಬಂಕಿನ ಹುಡುಗ ಹೇಳುತ್ತಾನಲ್ಲ, ಆಗ ಅವನ ಪಂಪಿನ ಸೊನ್ನೆಯ ಜೊತೆಗೆ ನಿಮ್ಮ ಟ್ರಿಪ್ ಮೀಟರಿನ ಸೊನ್ನೆಯನ್ನೂ ನೋಡಿ, ದಿನಾಂಕದ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ.